ಮಿಕ್ಕ ಮಣ್ಣು

ರೂಡಿ ಕವಾಸೋಸನ ಬೂಟುಗಳು ಹನ್ನೊಂದು ವರ್ಷದಿಂದ ಫಳಫಳ ಹೊಳೆಯುತ್ತಿದ್ದವು. ಸುರಂಗ ತೋಡಿಸುವ ಕಂಪನಿಯ ಮಾಲೀಕ. ಒಂದು ದಿನವಾದರೂ ಸುರಂಗದ ಬಾಯಿಗೆ ತಲೆ ಹಾಕಿದವನಲ್ಲ. ಎಲಿಹಿಯೊ ಇಬಾರಾ ಅವನ ಮುಖಕ್ಕಿಂತ ಮೊದಲು ಬೂಟು ನೋಡುತ್ತಿದ್ದ. ನೋಡಿದ ಮೇಲೆ ಮುಖದವರೆಗೆ ಕಣ್ಣೆತ್ತುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ.

ಎಲಿಹಿಯೊನಿಗೆ ಅರವತ್ತೊಂದು. ಅದರಲ್ಲಿ ಇಪ್ಪತ್ತಾರು ವರ್ಷ ಸ್ಯಾನ್ ಆಂಟೋನಿಯೊ ನಗರದ ಮನೆಗಳ ಅಡಿಯಲ್ಲಿ ಹೊಟ್ಟೆಯ ಮೇಲೆ ತೆವಳುತ್ತಾ ಕಳೆದಿದ್ದವು. ಅಲ್ಲಿಯ ಮನೆಗಳು ಕೂತಿರುವುದು ಒಂದೇ ಒಂದು ಕಾಂಕ್ರೀಟ್ ಚಪ್ಪಡಿಯ ಮೇಲೆ. ಚಪ್ಪಡಿಯ ಕೆಳಗೆ ಎರೆಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬಿಸಿಲು ಕಾದರೆ ಬಾಯಿ ಬಿಡುತ್ತದೆ, ನಡುವೆ ಹೂತಿರುವ ಬೀಡುಕಬ್ಬಿಣದ ಚರಂಡಿ ಪೈಪನ್ನು ಕಡ್ಡಿಯಂತೆ ಮುರಿಯುತ್ತದೆ. ಅದನ್ನು ಸರಿಮಾಡಲು ಮೇಲಿನಿಂದ ನೆಲ ಒಡೆದರೆ ಸಂಸಾರ ಬೀದಿಗೆ ಬರಬೇಕು. ಹಾಗಾಗಿ ಅಂಗಳದಲ್ಲಿ ಗುಂಡಿ ತೋಡಿ, ಅಲ್ಲಿಂದ ಹೆಗ್ಗಣದಂತೆ ಒಳಕ್ಕೆ ಕೊರೆಯುತ್ತಾ ಪೈಪಿನವರೆಗೆ ಹೋಗುವ ಎಲಿಹಿಯೊನಂಥವರು ಬೇಕು.

ಕೆಳಗಿನಿಂದ ನೋಡುವವನಿಗೆ ಮೇಲಿನವರ ಬಗ್ಗೆ ಮರ್ಯಾದೆ ಉಳಿಯುವುದು ಕಷ್ಟ. ಮಂಡಿಗೆ ಧೂಳು ತಾಗದ ಇಂಜಿನಿಯರುಗಳು ಗುಂಡಿಯ ಅಂಚಿನಲ್ಲಿ ನಿಂತು "ಒಳಗೆ ಹೇಗಿದೆ?" ಎಂದು ಕೂಗುತ್ತಿದ್ದರು. "ತಂಪಾಗಿದೆ, ಬನ್ನಿ" ಎನ್ನುತ್ತಿದ್ದ ಇವನು. ಇಪ್ಪತ್ತಾರು ವರ್ಷದಲ್ಲಿ ಒಬ್ಬನೂ ಬಂದಿರಲಿಲ್ಲ. ಚರ್ಚಿನ ಮೊದಲ ಸಾಲಿನಲ್ಲಿ ಕಣ್ಣುಮುಚ್ಚಿ ಕೂರುವ ದೊಡ್ಡ ಮನುಷ್ಯರು ಪೈಪಿಗೆ ಏನೇನು ತುರುಕಿದ್ದಾರೆಂಬುದು ಪಾದ್ರಿಗಿಂತ ಇವನಿಗೆ ಚೆನ್ನಾಗಿ ಗೊತ್ತಿತ್ತು.

ಯೆಸೇನಿಯಾ ಓಲ್ವೆರಾಳ ಮನೆಯ ಕೆಲಸವೂ ಎಲ್ಲ ಕೆಲಸದಂತೆಯೇ ಶುರುವಾಯಿತು. ಅವಳು ಶಾಲೆಯೊಂದರ ಅಡುಗೆಯವಳು, ಎಂಟು ತಿಂಗಳ ಮಗುವಿನ ತಾಯಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆದ ನೀರು ಬಚ್ಚಲ ತೊಟ್ಟಿಯಲ್ಲಿ ಮೇಲೇಳುತ್ತಿತ್ತು. ಮಗುವನ್ನು ಮೀಯಿಸುವ ತೊಟ್ಟಿ ಅದು. ಎಲಿಹಿಯೊ ಮತ್ತು ಅವನ ಜೊತೆಗಾರ ತೊರೀಬಿಯೊ ಐದು ದಿನ ತೋಡಿ, ಹದಿನೆಂಟು ಅಡಿ ಒಳಗೆ, ಅಡುಗೆಮನೆಯ ಕೆಳಗಿನ ಮುರುಕು ಪೈಪನ್ನು ಮುಟ್ಟಿದರು. ತೆಗೆದ ಮಣ್ಣು ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡವಾಯಿತು.

ಒಳಗೆ ಮಲಗಿದ್ದಾಗ ಎಲಿಹಿಯೊನ ತಲೆಯ ನೇರಕ್ಕೆ ಮಗುವಿನ ವಾಕರ್ ಓಡಾಡುತ್ತಿತ್ತು. ಪೊಳ್ಳು ಜಾಗವಾದ್ದರಿಂದ ಚಕ್ರದ ಸದ್ದು ಡೋಲಿನಂತೆ ಗುಡುಗುತ್ತಿತ್ತು. ಅವನು ಸಲಿಕೆಯ ಹಿಡಿಯಿಂದ ಚಪ್ಪಡಿಗೆ ಎರಡು ಸಲ ಬಡಿದರೆ ಚಕ್ರ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಬಡಿದರೆ ಮೇಲೆ ಕಿಲಕಿಲ.

"ಏನಪ್ಪಾ, ನೆಲಮಾಳಿಗೇಲಿ ಮೊಮ್ಮಗ ಸಿಕ್ಕಿದ್ನಾ?" ಎಂದು ತೊರೀಬಿಯೊ ಹಿಂದಿನಿಂದ ಅಣಕಿಸಿದ.

"ನಿನಗಿಂತ ಬುದ್ಧಿವಂತ ಕಣೋ. ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತಾನೆ."

ಹೊಸ ಪೈಪು ಕೂತಿತು. ನೀರು ತುಂಬಿಸಿ ನೋಡಿದ್ದಾಯಿತು. ನಗರಸಭೆಯ ತಪಾಸಣೆಯವನು ಬಂದು ಗುಂಡಿಯ ಮೇಲಿನಿಂದಲೇ ಟಾರ್ಚು ಬಿಟ್ಟು ಸಹಿ ಹಾಕಿ ಹೋದ. ಉಳಿದದ್ದು ಮಣ್ಣು ತುಂಬುವುದು. ತೋಡುವುದಕ್ಕಿಂತ ಕಷ್ಟದ ಕೆಲಸ ಅದು: ಮಲಗಿಕೊಂಡೇ ಬಕೆಟ್ಟು ಬಕೆಟ್ಟು ಒಳಗೆ ಸಾಗಿಸಿ, ಚಪ್ಪಡಿಗೆ ತಾಗುವವರೆಗೆ ದಮ್ಮಸು ಮಾಡುತ್ತಾ ಹಿಂದೆ ಹಿಂದೆ ಬರಬೇಕು.

"ಬಾಯಿ ಕಡೆ ಆರಡಿ ಗಟ್ಟಿ ಮಾಡಿ ಮುಚ್ಚಿಬಿಡಿ. ನಾಳೆ ಬಂದು ಸಾಮಾನು ತಗೊಂಡು ಹೋಗಿ. ಸೋಮವಾರ ಬೇರೆ ಮನೆ ಇದೆ" ಎಂದ ರೂಡಿ.

"ಇನ್ನು ಹನ್ನೆರಡಡಿ?"

"ಅದನ್ನ ಯಾರು ಹೋಗಿ ನೋಡ್ತಾರೆ ಮುದುಕಪ್ಪಾ? ನೀನು ಹೋಗ್ತೀಯಾ?"

ಎಲಿಹಿಯೊ ಬೂಟು ನೋಡಿದ. ಬಾಯಿಗೆ ಬಂದದ್ದನ್ನು ನುಂಗಿದ. ಈ ವಯಸ್ಸಿನಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ ಎಂಬ ಹಳೆಯ ಅಂಜಿಕೆ. ಆರಡಿ ಗಟ್ಟಿ ಮಾಡಿದ, ಮುಚ್ಚಿದ.

ಅಂಗಳದ ಗುಡ್ಡ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು. ಕಸುಬು ಬಲ್ಲವನಿಗೆ ಅದೊಂದು ನೋಟ ಸಾಕು: ಹೊರಗೆ ಎಷ್ಟು ಮಿಕ್ಕಿದೆಯೋ ಒಳಗೆ ಅಷ್ಟು ಖಾಲಿ. ಕಸುಬು ತಿಳಿಯದವರಿಗೆ ಹೇಳಲು ರೂಡಿಯ ಬಳಿ ಒಂದು ಮಾತಿತ್ತು.

"ಈ ಮಣ್ಣು ನಿಮಗೇ ಇರ್ಲಿ ಮೇಡಂ. ಹೂವಿನ ಪಾತಿಗೆ ಆಗುತ್ತೆ. ನಮ್ಮ ಕಂಪನಿ ಕಡೆಯಿಂದ ಉಡುಗೊರೆ!"

ಯೆಸೇನಿಯಾ ಹಿಗ್ಗಿಹೋದಳು. ಒಳಗೋಡಿ ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿದ ಬಿಸಿ ತಮಾಲೆ ಕಡುಬುಗಳನ್ನು ತಟ್ಟೆ ತುಂಬ ತಂದು ಎಲಿಹಿಯೊನ ಕೈಗಿತ್ತಳು. "ನಿಮ್ಮಂಥೋರು ಸಿಗೋದು ನಮ್ಮ ಪುಣ್ಯ ದೋನ್ ಎಲಿಹಿಯೊ" ಎಂದು ಹಿರಿಯರಿಗೆ ಸಲ್ಲುವ ಮರ್ಯಾದೆಯಿಂದ ಕರೆದಳು. ಮಾಲೀಕನೂ ಅದೇ ತಟ್ಟೆಯಿಂದ ನಾಲ್ಕು ತಿಂದ.

ಮರುದಿನ ಬೆಳಿಗ್ಗೆ ಸಾಮಾನು ಒಯ್ಯಲು ಬಂದಾಗ ಗುಡ್ಡದ ನೆತ್ತಿಯ ಮೇಲೆ ಹತ್ತು ಮೆಣಸಿನ ಸಸಿಗಳು ಸಾಲಾಗಿ ನಿಂತಿದ್ದವು. ಯೆಸೇನಿಯಾ ನೀರು ಹಾಕುತ್ತಿದ್ದಳು. ತೆರೆದ ಬಾಗಿಲಿನಿಂದ ಅಡುಗೆಮನೆಯ ವಾಕರಿನ ಸದ್ದು ಬರುತ್ತಿತ್ತು. ಡೋಲಿನ ಸದ್ದು.

ಎಲಿಹಿಯೊ ಮಂಡಿಯೂರಿ ಮೊದಲ ಸಸಿಯನ್ನು ಬೇರು ಸಮೇತ ಎತ್ತಿದ.

"ಅಯ್ಯೋ, ಏನ್ ಮಾಡ್ತಿದೀರ? ಈಗ ತಾನೇ ನೆಟ್ಟೆ!"

"ಇದು ಪಾತಿ ಮಣ್ಣಲ್ಲ ತಾಯಿ. ನಿಮ್ಮ ಅಡುಗೆಮನೆ ಕೆಳಗಿಂದು. ತೆಗೆದ ಜಾಗಕ್ಕೆ ವಾಪಸ್ ಹೋಗಿಲ್ಲ."

"ಹೋಗಿಲ್ಲ ಅಂದ್ರೆ?"

"ಮಗು ಓಡಾಡೋ ಜಾಗದ ಕೆಳಗೆ ಪೊಳ್ಳು. ಇವತ್ತು ಏನೂ ಆಗಲ್ಲ. ಎರಡು ಮಳೆಗಾಲ ಕಳೀಲಿ, ಚಪ್ಪಡಿ ಕುಸಿದು ಬಿರುಕು ಬಿಡುತ್ತೆ, ಹೊಸ ಪೈಪೂ ಹೋಗುತ್ತೆ."

"ಯಾರು ಹಾಗೆ ಬಿಟ್ಟೋರು?"

"ನಾನೇ."

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವನು ರೂಡಿಯ ಬೂಟು ನೋಡುತ್ತಿದ್ದುದು ಹೀಗೆಯೇ.

"ನಿನ್ನೆ ನನ್ನ ಕೈಯಿಂದ ತಿಂದ್ರಲ್ಲ!"

"ತಿಂದೆ. ಕಲ್ಲು ನುಂಗಿದ ಹಾಗಾಯ್ತು. ಒಂದೆರಡು ಖಾಲಿ ಬಕೆಟ್ ಇದ್ರೆ ಕೊಡಿ, ಸಸಿ ಒಣಗುತ್ತವೆ."

ತೊರೀಬಿಯೊ ಹಣೆ ಚಚ್ಚಿಕೊಂಡ. ಗೊಣಗಿದ. ಆಮೇಲೆ ಸಲಿಕೆ ತೆಗೆದುಕೊಂಡ. ಗಟ್ಟಿ ಮಾಡಿದ ಆರಡಿಯನ್ನು ಇಬ್ಬರೂ ಮತ್ತೆ ತೋಡಿದರು. ಎಲಿಹಿಯೊ ಒಳಗೆ ಹೋದ.

ಮಧ್ಯಾಹ್ನ ರೂಡಿ ಬಂದು ಗುಂಡಿಯಿಂದ ಮೂರಡಿ ದೂರದಲ್ಲಿ, ಹುಲ್ಲಿನ ಮೇಲೆ ನಿಂತು ಕಿರುಚಿದ. "ಹೊರಗೆ ಬಾರೋ ಮುದುಕಾ! ಯಾರನ್ನ ಕೇಳಿ ಬಿಚ್ಚಿದೆ?"

"ತಂಪಾಗಿದೆ. ಬಾ ಒಳಗೆ, ಮಾತಾಡೋಣ" ಎಂದು ಮಣ್ಣಿನೊಳಗಿಂದ ದನಿ ಬಂತು.

"ಸೋಮವಾರದಿಂದ ಕೆಲಸಕ್ಕೆ ಬರಬೇಡ!"

"ಬರಕ್ಕಾಗಲ್ಲ. ಇಲ್ಲಿ ಇನ್ನೂ ಹದಿನಾಲ್ಕಡಿ ಇದೆ."

ಯೆಸೇನಿಯಾ ಕೈಯಲ್ಲಿದ್ದ ಬಕೆಟ್ಟನ್ನು ತೊರೀಬಿಯೊನಿಗೆ ಕೊಟ್ಟು ರೂಡಿಯತ್ತ ತಿರುಗಿದಳು. "ಉಡುಗೊರೆ ವಾಪಸ್ ಹೋಗ್ತಿದೆ ಸಾರ್. ನೀವೂ ಒಂದು ಕೈ ಹಾಕ್ತೀರಾ?" ರೂಡಿ ಹುಲ್ಲಿನ ಮೇಲೆಯೇ ಹೆಜ್ಜೆ ಇಟ್ಟುಕೊಂಡು ಕಾರಿಗೆ ಹೋದ.

ಭಾನುವಾರವೂ ಕೆಲಸ ನಡೆಯಿತು, ಸೋಮವಾರವೂ. ಅಂಗೈ ಅಗಲದ ಸಂದೂ ಬಿಡದೆ ಎಲಿಹಿಯೊ ಮಣ್ಣು ಜಡಿಯುತ್ತಾ ಹಿಂದೆ ಸರಿದ. ಡೋಲು ಮೆಲ್ಲಗೆ ಮಂಕಾಯಿತು. ಅಡುಗೆಮನೆಯ ಕಡೆ ಕೊನೆಯ ಸಲ ಸಲಿಕೆಯಿಂದ ಎರಡು ಬಡಿದ. ಚಕ್ರ ನಿಂತಿತೋ ಇಲ್ಲವೋ, ಅವನಿಗೆ ಕೇಳಿಸಲಿಲ್ಲ. ಅದೇ ಬೇಕಾಗಿತ್ತು.

ಎಲ್ಲ ಮುಗಿದಾಗ ಪ್ಲಾಸ್ಟಿಕ್ ಹಾಳೆಯ ಮೇಲೆ ಮೂರು ಬಕೆಟ್ ಮಣ್ಣು ಮಿಕ್ಕಿತ್ತು. ಎರಡರಲ್ಲಿ ಯೆಸೇನಿಯಾ ಮೆಣಸಿನ ಸಸಿ ನೆಟ್ಟಳು. ತಮಾಲೆ ಕೊಡಲಿಲ್ಲ, ನೀರು ಕೊಟ್ಟಳು. ಅದು ಸರಿಯೇ ಎನಿಸಿತು ಎಲಿಹಿಯೊನಿಗೆ.

"ಮೂರನೇದು?" ಎಂದು ತೊರೀಬಿಯೊ ಕೇಳಿದ.

"ಅದನ್ನ ರೂಡಿ ಆಫೀಸಿನ ಬಾಗಿಲಲ್ಲಿ ಇಟ್ಟು ಬಾ. ಉಡುಗೊರೆ ಅಂತ ಹೇಳು. ಬೂಟಿಗೆ ಹಚ್ಕೊಳ್ಳಲಿ."