ಮದುಮಗನ ಜಳಕದ ನೀರು

ಶಹಾಬಾದಿನ ಸೂಗಮ್ಮ ಒಂದು ಕಡೆ ಸುಮ್ಮನೆ ಕೂತದ್ದನ್ನು ಯಾರಾದರೂ ನೋಡಿದ್ದರೆ ಹೇಳಲಿ, ಅವರಿಗೆ ಒಂದು ಬಟ್ಟಲು ಹುಗ್ಗಿ ನಾನೇ ಕೊಡಿಸುತ್ತೇನೆ. ಮೊದಲು ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದವಳು ಈಗ ಚಿತ್ತಾಪುರ, ವಾಡಿ, ಸೇಡಂ ಸುತ್ತಮುತ್ತ ಮದುವೆ ಅಡುಗೆ ಹಿಡಿಯುತ್ತಾಳೆ. ಉಣ್ಣುವುದೂ ನಿಂತೇ. ಇಂಥವಳಿಗೆ ಹೆದರಿಕೆ ಒಂದೇ, ಸಿಲಿಂಡರಿನದು. ಎಲ್ಲಿ ಸಿಡಿಯುತ್ತದೋ ಎಂದು ಒಲೆ ಹಚ್ಚುವ ಮೊದಲು ಅದಕ್ಕೆ ತೊಯ್ದ ಗೋಣಿಚೀಲ ಸುತ್ತಿಸುತ್ತಾಳೆ. ಬೇಸಿಗೆಯ ಮದುವೆಗಳಲ್ಲಿ ಅದರಿಂದ ಏನೂ ಕೆಟ್ಟಿರಲಿಲ್ಲ.

ಕೆಟ್ಟದ್ದು ಕಳೆದ ಚಳಿಗಾಲ, ಕುರಕುಂಟಾದಲ್ಲಿ. ಗುರುಲಿಂಗಪ್ಪನವರ ಮಗನ ಮದುವೆ. ಹೊತ್ತು ಮೂಡುವಾಗ ಗ್ಯಾಸಿನ ದೊಡ್ಡ ಒಲೆ, ಭಟ್ಟಿ, ಹಚ್ಚಿದರು. ಹುಗ್ಗಿಯ ಗೋಧಿ ಕುದಿಯಲು ಶುರುವಾದದ್ದೇ ತಡ, ಉರಿ ಸಣ್ಣಗಾಯಿತು. ಸಿಲಿಂಡರ್ ಬದಲಿಸಿದರು. ಸ್ವಲ್ಪ ಹೊತ್ತಿಗೆ ಅದೂ ಹಾಗೆಯೇ. ಮೂರನೆಯದೂ!

“ಅಕ್ಕಾ, ಇದೂ ಮುಗೀತು ನೋಡ್ರಿ,” ಎಂದಳು ಜೊತೆಗೆ ಅಡುಗೆ ಮಾಡುವ ದಾನಮ್ಮ.

ಸೂಗಮ್ಮ ಚಪ್ಪರದ ನಡುವೆ ನಿಂತು, ಸಿಲಿಂಡರ್ ಕೊಟ್ಟಿದ್ದ ಸೇಡಂನ ಬಂದೇಅಲಿಗೆ ಫೋನ್ ಹಚ್ಚಿದಳು. “ಏನೋ ಬಂದೇಅಲಿ, ಅರ್ಧ ಗ್ಯಾಸ್ ತೆಗೆದು ಮಾರಿಕೊಂಡಿಯೇನು? ಬೇಇಮಾನ್! ಕಳ್ಳ!”

ಹೂ ಕಟ್ಟುತ್ತಿದ್ದವರ ಕೈ ನಿಂತವು. ಅಲ್ಲಿದ್ದ ಅರ್ಧ ಜನ ಬಂದೇಅಲಿಯ ಗಿರಾಕಿಗಳೇ.

ಗುರುಲಿಂಗಪ್ಪ ಓಡಿ ಬಂದರು. “ಸೂಗಮ್ಮ, ಬೀಗರ ಗಾಡಿ ವಾಡಿ ದಾಟ್ಯಾವಂತ. ಏನ್ ಮಾಡಾಕತ್ತಿ?”

ಏನು ಮಾಡುವುದು? ಆರಿದ ಭಟ್ಟಿಗೂ ಬಾಗಿಲಿಗೂ ಓಡಾಡುವುದಷ್ಟೇ.

ಬಂದೇಅಲಿ ತನ್ನ ಟೆಂಪೋದಲ್ಲಿ ಬಂದ. ಯಾರೂ ಅವನಿಗೆ ಕುಂದ್ರು ಎನ್ನಲಿಲ್ಲ. ನೇರ ಹೋಗಿ ಸಿಲಿಂಡರಿನ ಚೀಲ ಕಿತ್ತೆಸೆದ. ಸಿಲಿಂಡರಿನ ಕೆಳಭಾಗಕ್ಕೆ ಬೆಳ್ಳಗೆ ಹಿಮ ಹಿಡಿದಿತ್ತು.

“ಖಾಲಿ ಅಂದ್ರಲ್ಲ, ಎತ್ರಿ ಅಕ್ಕಾ.”

ಸೂಗಮ್ಮ ಎರಡೂ ಕೈ ಹಾಕಿದಳು. ಅದು ನೆಲ ಬಿಡಲಿಲ್ಲ.

“ಇದರೊಳಗ ಗ್ಯಾಸ್ ನೀರಿನಂಗ ಇರ್ತದ. ಹಬೆಯಾಗಿ ಮ್ಯಾಲ ಬರಬೇಕಂದ್ರ ಕಾವು ಬೇಕು. ಸುತ್ತಲ ಕಾವನ್ನೇ ಅದು ಎಳಕೋತದ. ನೀವು ಇಂಥ ಚಳಿಯಾಗ ತೊಯ್ದ ಚೀಲ ಹೊದಿಸೀರಿ. ಚೀಲ ಆರಲಿಕ್ಕೂ ಕಾವೇ ಬೇಕಲ್ಲ? ಇಬ್ಬರು ಹಸಿದವರು ಒಂದೇ ತಾಟಿಗೆ ಕುಂತಂಗಾತು.”

“ಈಗೇನ್ ಮಾಡ್ಲೋ ಯಪ್ಪಾ?”

“ಬೆಚ್ಚಗಿನ ನೀರು ತರ್ರಿ. ಕುದಿಯೋದು ಬ್ಯಾಡ, ಕೈ ಇಡುವಂಗಿರಲಿ.”

ಆ ಮನೆಯಲ್ಲಿ ಬೆಚ್ಚಗಿನ ನೀರಿದ್ದದ್ದು ಹಿತ್ತಲ ಹಂಡೆಯಲ್ಲಿ ಮಾತ್ರ. ಸೂಗಮ್ಮ ಕೊಡ ಮುಳುಗಿಸಿದಳು. ಮದುಮಗನ ಸೋದರತ್ತೆ ಗುಂಡಮ್ಮ ಅಡ್ಡ ಬಂದಳು.

“ಏ ಏ! ಮದುಮಗನ ಜಳಕದ ನೀರು ಅದು!”

“ಅವಂಗ ತಣ್ಣೀರು ಹಾಕ್ರಿ ಯವ್ವಾ. ಅವ ನಡುಗಿದ್ರ ಮಂದಿ ನಗ್ತಾರ. ಉರಿ ನಡುಗಿದ್ರ ಮಂದಿ ಉಪವಾಸ!”

ಸಿಲಿಂಡರನ್ನು ಅಗಲ ಟಬ್ಬಿನಲ್ಲಿ ನಿಲ್ಲಿಸಿ ನೀರು ಸುರಿದರು. ಹಿಮ ಕರಗಿ ಜಾರಿತು. ಭಟ್ಟಿ ಭುಸ್ಸೆಂದು ಎದ್ದಿತು. ಗೋಧಿ ಅರಳಿತು, ಬೆಲ್ಲ ಬಿತ್ತು. ಮದುಮಗ ತಣ್ಣೀರಿಗೆ ಕಿರುಚಿದ್ದು ಚಪ್ಪರದವರೆಗೂ ಕೇಳಿಸಿತು. ಮದುಮಕ್ಕಳ ತಲೆ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಹುಗ್ಗಿ ಸಿದ್ಧವಿತ್ತು.

ಮೊದಲ ಪಂಕ್ತಿ ಕೂತಿತು. ಬಂದೇಅಲಿ ಮಾತ್ರ ಟೆಂಪೋಗೆ ಒರಗಿ ನಿಂತಿದ್ದ.

“ಬಾರೋ, ಉಂಡು ಹೋಗು,” ಎಂದು ಸೂಗಮ್ಮ ಕರೆದಳು.

“ಊಟ ಆಮ್ಯಾಲ ಅಕ್ಕಾ. ಕಳ್ಳ ಅಂದ್ರಿ, ಎಲ್ಲರೂ ಕೇಳ್ಯಾರ. ನಾಳಿ ನನ್ನ ಕಡಿ ಸಿಲಿಂಡರ್ ಯಾರು ತಗೋತಾರ?”

ಸೂಗಮ್ಮ ಸೌಟು ದಾನಮ್ಮನ ಕೈಗೆ ಕೊಟ್ಟು ಪಂಕ್ತಿಯ ನಡುವೆ ಹೋಗಿ ನಿಂತಳು. “ಕೇಳ್ರಿ... ಸಿಲಿಂಡರ್ ತುಂಬೇ ಇದ್ವು. ತಪ್ಪು ನಂದು.” ಹತ್ತಿರ ಕೂತವರಿಗಷ್ಟೇ ಕೇಳಿಸಿತು.

“ಮುಂಜಾನಿ ಇದಕ್ಕಿಂತ ಜೋರಿತ್ತು, ಅಕ್ಕಾ,” ಎಂದ ಬಂದೇಅಲಿ ದೂರದಿಂದ.

ಉಣ್ಣುವವರು ನಕ್ಕರು. ಸೂಗಮ್ಮ ಸೆರಗು ಬಿಗಿದು, ಬ್ಯಾಂಡಿನವರೂ ನಿಲ್ಲಿಸುವಂತೆ ಕೂಗಿದಳು: “ಬಂದೇಅಲಿ ಕಳ್ಳ ಅಲ್ಲ! ತಿಳೀಲಾರದೆ ಅಂದವಳು ನಾ, ಶಹಾಬಾದ್ ಸೂಗಮ್ಮ!”

ಆಗ ಅವನು ಬಂದು ಪಂಕ್ತಿಯಲ್ಲಿ ಕೂತ. ಹುಗ್ಗಿಗೆ ತುಪ್ಪ ಅವಳೇ ಸುರಿದಳು, ಅವನು ಸಾಕು ಅನ್ನುವವರೆಗೆ.