ಹಿರಿಯೂರಿನ ಹಳೆಯ ಬ್ಯಾಟು

ಅಂಗಡಿಯಲ್ಲಿ ಒಳ್ಳೆಯ ತೆಂಗಿನಕಾಯಿ ಆರಿಸಲು ನನಗೆ ಬರುವುದಿಲ್ಲ. ಆದರೆ ಹಳೆಯ ಟೇಬಲ್ ಟೆನಿಸ್ ಬ್ಯಾಟಿನ ಮರವನ್ನು ತಟ್ಟಿ ಅದರ ಆಯುಷ್ಯ ಹೇಳಬಲ್ಲೆನೆಂಬ ಜಂಬ ಉಂಟು. ಹಿರಿಯೂರಿನ ಗುಜರಿ ಅಂಗಡಿಯಲ್ಲಿ ರಬ್ಬರು ಉದುರಿದ ಬ್ಯಾಟೊಂದು ಸಿಕ್ಕಾಗ, ಅಂಚನ್ನು ಬೆಳಕಿಗೆ ಹಿಡಿದು ಪದರಗಳು ಬಿಟ್ಟಿವೆಯೇ ಎಂದು ನೋಡಿದೆ. ಹಿಡಿಯ ಬುಡದಲ್ಲಿ ಬಿರುಕಿದೆಯೇ ಎಂದು ಉಗುರಾಡಿಸಿದೆ. ಬೆರಳ ಗೆಣ್ಣಿನಿಂದ ತಟ್ಟಿದೆ. ಟಕ್ಕೆಂದಿತು, ಗಟ್ಟಿ ಮರ.

"ಡಾಕ್ಟ್ರು ಎದೆ ನೋಡ್ದಂಗೆ ನೋಡ್ತೀರಲ್ಲ ಸಾರ್, ಜ್ವರ ಐತಾ ಅದಕ್ಕೆ?" ಎಂದ ಅಂಗಡಿಯವ.

ಇಷ್ಟು ತಪಾಸಣೆಗೆ ಕಾರಣವಿತ್ತು. ಚಿತ್ರದುರ್ಗದ ನಮ್ಮ ಕ್ಲಬ್ಬಿಗೆ ಹೊಳಲ್ಕೆರೆಯಿಂದ ಬರುವ ಬಟ್ಟೆ ವ್ಯಾಪಾರಿ ತಿಪ್ಪೇಸ್ವಾಮಿಯನ್ನು ನಾನು ಒಮ್ಮೆಯೂ ಸೋಲಿಸಿರಲಿಲ್ಲ. ಸೋತಾಗಲೆಲ್ಲ ಹೊಸ ಬ್ಯಾಟುಗಳನ್ನು ಬೈದು, "ಹಳೇ ಮರ ಸಿಗಲಿ, ಆಮೇಲೆ ನೋಡು" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ಈಗ ಸಿಕ್ಕಿತ್ತು. ನೆಪ ಮುಗಿದಿತ್ತು.

ಹೊಸದುರ್ಗದಿಂದ ಮಗಳ ಮನೆಗೆಂದು ಬಂದಿದ್ದ ಅತ್ತೆಯವರ ಕಣ್ಣಿಗೆ ಆ ಬೋಳು ಬ್ಯಾಟು ಬಿತ್ತು. ನಮ್ಮ ಕಡೆ ಮರದ ಸಾಮಾನು ಮನೆಗೆ ಬಂದರೆ, ಮುದ್ದೆ ಕೋಲಾಗಲಿ ಲಟ್ಟಣಿಗೆಯಾಗಲಿ, ಸೀಳದಿರಲೆಂದು ಎಣ್ಣೆ ಸವರಿ ಬಿಸಿಲಿಗಿಡುತ್ತಾರೆ. ಇದನ್ನೂ ಇಟ್ಟರು.

"ಪಾಪ, ಒಣಗೋಗಿತ್ತು ಕಣ್ರೀ, ಎಷ್ಟ್ ಎಣ್ಣೆ ಕುಡೀತು!" ಎಂದು ಮಗುವಿಗೆ ಹಾಲು ಕುಡಿಸಿದವರಂತೆ ನಕ್ಕರು. ಅವರು ಒಳಹೋದ ಮೇಲೆ ಎಣ್ಣೆಯನ್ನು ಒರೆಸಿದೆ, ಉಜ್ಜಿದೆ, ಹೊಸ ರಬ್ಬರು ಅಂಟಿಸಿದೆ.

ಮುಂದಿನದನ್ನು ಯಾರೂ ನಂಬುವುದಿಲ್ಲ. ಆದರೂ ಕಂಡದ್ದನ್ನು ಕಂಡಂತೆಯೇ ಹೇಳುತ್ತೇನೆ. ಭಾನುವಾರ, ಕೊನೆಯ ಗೇಮ್. ನಾನು ಗೆಲ್ಲಲು ಒಂದೇ ಪಾಯಿಂಟು. ಚೆಂಡು ಎತ್ತರಕ್ಕೆ ಬಂತು, ಬೀಸಿ ಹೊಡೆದೆ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿದಿರಲಿಲ್ಲ; ಚೆಂಡಿನ ಜೊತೆಗೆ ಕೆಂಪು ರಬ್ಬರೂ ಕಳಚಿಕೊಂಡು ಹಾರಿತು. ತಿಪ್ಪೇಸ್ವಾಮಿ ಎರಡರಲ್ಲಿ ದೊಡ್ಡದನ್ನು ಆರಿಸಿ ಅಚ್ಚುಕಟ್ಟಾಗಿ ವಾಪಸ್ ಹೊಡೆದ. ಅದು ನನ್ನ ಎದೆಗೆ ಬಡಿಯಿತು. ಚೆಂಡು ಅವನ ಕಡೆಯ ಮೇಜಿಗೆ ತಾಗಿ ಗೋಡೆ ಸೇರಿತ್ತು.

"ಏನ್ರೀ ಮೇಷ್ಟ್ರೆ, ಚೆಂಡ್ ಹೊಡೀಬೇಕೋ ಚಪ್ಪಲಿ ಹೊಡೀಬೇಕೋ, ಮೊದ್ಲೇ ಹೇಳ್ರಿ!" ಎಂದು ಕೂಗಿದ.

ಕ್ಲಬ್ಬಿನವರು ನಕ್ಕು ಸುಸ್ತಾಗಿ, ಪಾಯಿಂಟನ್ನು ಮತ್ತೆ ಆಡಿಸಿದರು. ಬ್ಯಾಟು ತಿರುಗಿಸಿ, ಇನ್ನೊಂದು ಕಡೆಯ ರಬ್ಬರೂ ಹೋದೀತೆಂದು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಅವನ ಸರ್ವೀಸಿಗೆ ಹೆದರುತ್ತಲೇ ಮುಟ್ಟಿಸಿದೆ. ಚೆಂಡು ನೆಟ್ಟಿನ ಮೇಲೆ ಕೂತು, ಸ್ವಲ್ಪ ಯೋಚಿಸಿ, ಅವನ ಕಡೆಗೆ ಬಿತ್ತು. ಗೆದ್ದೆ.

ಹೊರಗೆ ಬೈಕಿನ ಹತ್ತಿರ ತಿಪ್ಪೇಸ್ವಾಮಿ ದನಿ ತಗ್ಗಿಸಿದ. "ಮರ ಭಾರಿ ಐತೆ ಬಿಡ್ರಿ. ನಂಗೂ ಅಂಥದ್ದೊಂದು ಸಿಗ್ತೈತಾ?"

"ಹೋಗಾಣ ಬಾರಪ್ಪ, ಹುಡುಕಾಣ" ಎಂದೆ.

ಗೆಲ್ಲಿಸಿದ್ದು ನೆಟ್ಟು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಮರವೇ ಗೆಲ್ಲಿಸಿತೆಂದುಕೊಂಡರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಮರವಂತೂ ಇಲ್ಲವೆನ್ನುವುದಿಲ್ಲ.