‘ಬತ್ತೆ’ ಎಂಬ ಮಾತಿನ ಮೂಲ

ಇಂದು ಬೆಳಿಗ್ಗೆ ನಮ್ಮ ಗೇಟಿನ ಬಳಿ ನನ್ನ ಹಳೆಯ ಸಹೋದ್ಯೋಗಿ “ಬತ್ತೆ ಮಾಷ್ಟ್ರೆ” ಎಂದ. ನಮ್ಮ ಕಡೆ ಹೊರಡುವವರು ‘ಹೋತೆ’, ಅಂದರೆ ಹೋಗುತ್ತೇನೆ, ಎನ್ನುವುದಿಲ್ಲ, ಅದು ಅಶುಭ; ‘ಬತ್ತೆ’, ಬರುತ್ತೇನೆ, ಎನ್ನುತ್ತಾರೆ. ಆದರೆ ಆ ‘ಬತ್ತೆ’ ಬೇರೆಯವರ ಬಾಯಲ್ಲಿ ಬಂದರೆ ಸೌಜನ್ಯ, ಅವನ ಬಾಯಲ್ಲಿ ಬಂದರೆ ಕಳವಿನ ಮಾಲು. ಏಕೆಂದು ಹೇಳುತ್ತೇನೆ, ಕೇಳಿ.

ನಾನು ಸಂಸ್ಕೃತ ಕಲಿಸುತ್ತಿದ್ದ ಕಾಲ. ಬ್ರಹ್ಮಾವರದಿಂದ ನಮ್ಮಲ್ಲಿಗೆ ಹೊಸದಾಗಿ ಬಂದಿದ್ದ ಇತಿಹಾಸದ ಅಧ್ಯಾಪಕ ಅವನು. ಕೋಟದ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತು ನಾನೇ ಅವನಿಗೆ ವಿವರಿಸಿದ್ದೆ: ವೇದದ ಉಷೆ, ಗ್ರೀಕರ ಈಯೋಸ್, ರೋಮನರ ಅರೋರಾ, ಮೂವರೂ ಮುಂಜಾವಿನ ದೇವಿಯರು, ಮೂವರ ಹೆಸರೂ ಒಂದೇ ಪ್ರಾಚೀನ ಶಬ್ದದಿಂದ ಹುಟ್ಟಿದ್ದು, ಯಾರೂ ಯಾರಿಂದಲೂ ಕದ್ದದ್ದಲ್ಲ. ಉಷೆ ತಾನು ಸದಾ ತರುಣಿ, ಆದರೆ ಮನುಷ್ಯರ ಆಯುಷ್ಯವನ್ನು ಸವೆಸುತ್ತಾಳೆ. ಈಯೋಸ್ ತನ್ನ ಪ್ರಿಯನಿಗೆ ಸಾವಿಲ್ಲದ ವರ ಬೇಡಿದಳು, ಯೌವನ ಬೇಡಲು ಮರೆತಳು. ಅವನು ಮುದುಡಿ ಮುದುಡಿ ಕೊನೆಗೆ ಚೀರುವ ಜೀರುಂಡೆಯಾದ. ಇಷ್ಟು ಹೇಳಿ, ಸ್ವಲ್ಪ ತಡೆದು, ಮುಗಿಸಿದೆ: “ಉಷೆ ದಿನಾ ‘ಬತ್ತೆ’ ಅಂಬುದ್, ನಾವ್ ದಿನಾ ಬತ್ತುದ್!” ಅವಳದ್ದು ಬರುವುದು, ನಮ್ಮದು ಒಣಗುವುದು. ಅವನು ನಕ್ಕ ರಭಸಕ್ಕೆ ಕುಂದಾಪುರದ ಬಸ್ಸೇ ತಪ್ಪಿಹೋಯಿತು.

ಮುಂದೆ ಕುಂದಾಪುರದ ಒಂದು ಸಭೆಯಲ್ಲಿ ಅವನು ಅದೇ ಮಾತನ್ನು ಅಕ್ಷರ ಬಿಡದೆ ಆಡಿದ. ನಾನು ತಡೆದಲ್ಲೇ ತಡೆದ. ಸಭೆ ಉರುಳಾಡಿ ನಕ್ಕಿತು; ಜರಿಯಂಚಿನ ಶಾಲು ಅವನ ಹೆಗಲೇರಿತು. ಆ ಅಂಚು ಹಸಿರು, ನನಗೆ ನೆನಪಿದೆ. ಮೆಟ್ಟಿಲಲ್ಲಿ ಅಡ್ಡಹಾಕಿ ಕೇಳಿದೆ: “ಹ್ವಾಯ್, ಅದ್ ನನ್ ಮಾತಲ್ದಾ?”

“ಎಂತ ಮಾಷ್ಟ್ರೆ! ಯಾರೂ ಕದ್ದದ್ದಲ್ಲ, ಎಲ್ಲ ಒಂದೇ ಮೂಲದ್ದ್ ಅಂದದ್ದ್ ನೀವೇ ಅಲ್ದಾ?”

ನನ್ನ ಸಿದ್ಧಾಂತದಿಂದಲೇ ನನ್ನ ಬಾಯಿ ಕಟ್ಟಿದ. ಉತ್ತರ ಹೊಳೆದದ್ದು ಮನೆ ಸೇರಿದ ಮೇಲೆ: ಉಷೆಯ ಮೂಲ ಕಾಲಗರ್ಭದಲ್ಲಿ ಅಡಗಿದೆ, ಒಪ್ಪಿದೆ, ಆದರೆ ಈ ಮಾತಿನ ಮೂಲ ಕೊಡೆ ಹಿಡಿದು ಅವನ ಎದುರಿಗೇ ನಿಂತಿತ್ತು!

ಈಗ ಬೈಂದೂರಿನಲ್ಲಿ ಅವನಿಗೆ ಸನ್ಮಾನವಂತೆ. ಇಂದು ಕರೆಯಲು ತಾನೇ ಬಂದವನು ನಗುತ್ತ ಹೇಳಿದ: “ನನ್ ಬಗ್ಗೆ ನೀವೇ ಎರಡ್ ಮಾತ್ ಹೇಳ್ಕ್. ಆ ಉಷೆ ಮಾತ್ ಬಿಡುಕಾಗ ಕಾಣಿ, ಜನ್ರಿಗೆ ಖುಷಿ ಆತ್ತ್.” ನನ್ನದೇ ಮಾತನ್ನು ನಾನು ಬಿಡಬಾರದಂತೆ!

ನೀವೇ ಹೇಳಿ. ಆಡಿದರೆ, ಮುದುಕ ಅವನದ್ದನ್ನು ಕದ್ದ ಎಂದಾರು. ಆಡದಿದ್ದರೆ ಅದು ಶಾಶ್ವತವಾಗಿ ಅವನದ್ದೇ. ಹೊರಟಾಗ ಗೇಟಿನ ಚಿಲಕ ತೆಗೆಯಲು ಅವನ ಕೈ ತಡಕಾಡಿತು. ಸಭೆಗಳನ್ನು ಗೆದ್ದ ಆ ಕಂಠ ಸಣ್ಣಗೆ ಕೀರಲಾಗಿತ್ತು. ಸಂತೋಷಪಡಲು ಹೊರಟೆ, ಆಗಲಿಲ್ಲ. ನನಗಿಂತ ಕಿರಿಯ, ಜೀರುಂಡೆಯಾಗುವುದರಲ್ಲೂ ನನಗಿಂತ ಮುಂದೆ!

ಅವನು “ಬತ್ತೆ” ಎಂದಾಗ ನಾನು, ಅಂದು ತಡೆದಷ್ಟೇ ಹೊತ್ತು ತಡೆದು, “ನಾನೂ ಬತ್ತೆ” ಎಂದೆ. ಬರುವುದೋ ಒಣಗುವುದೋ, ಅವನೇ ತಿಳಿಯಲಿ. ಅವನು ಗಕ್ಕನೆ ತಿರುಗಿದ. ಕೋಟದ ಬಸ್ ಸ್ಟಾಪಿನಲ್ಲಿ ನಕ್ಕಂತೆಯೇ ನಕ್ಕ. ಆ ನಗುವನ್ನು ಯಾವ ಸಭೆಯೂ ಅವನಿಗೆ ಕೊಟ್ಟಿರಲಿಲ್ಲ, ಅದು ನನ್ನದು.